ಹೊಳೆಯುವ ನೆಲ, ಕಾಣೆಯಾದ ಜಗಲಿ



ನಮ್ಮ ತಿಂಗಳ ಸಭೆಯಲ್ಲಿ ಶಾಲೆ, ಪುಸ್ತಕ, ನಾಮಫಲಕ ಇವಿಷ್ಟೇ ಚರ್ಚೆಯಾಗುತ್ತದೆ ಎಂದು ದೂರದ ಊರಿನ ಸದಸ್ಯರು ತಿಳಿದಿರಬಹುದು. ಕಳೆದ ಒಂದು ವರ್ಷದಿಂದ ಕಾಸರಗೋಡಿನ ನಮ್ಮ ಸಭೆಗಳಲ್ಲಿ ಚಹಾದ ಹೊತ್ತಿಗೆ ಬರುವ ಮಾತು ಬೇರೆಯೇ ಉಂಟು. ಯಾರ ಮನೆಗೆ ಯಾವ ಟೈಲು, ಯಾರ ಮನೆಗೆ ಫಾಲ್ಸ್ ಸೀಲಿಂಗು, ಅಡುಗೆಮನೆಗೆ ಎಷ್ಟು ಲಕ್ಷ ಬಿತ್ತು. ಮಕ್ಕಳು ಬೆಂಗಳೂರಿನಿಂದ, ಗಲ್ಫಿನಿಂದ ಮೊಬೈಲಿಗೆ ಚಿತ್ರ ಕಳುಹಿಸುತ್ತಾರೆ. ಊರಿನಲ್ಲಿ ನಿಂತು ಕೆಲಸ ಮಾಡಿಸಬೇಕಾದವರು ನಾವು, ಅರುವತ್ತು ದಾಟಿದವರು.

ನಾನು ಇಂಜಿನಿಯರನಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಗುಮಾಸ್ತನಾಗಿ ಕಡತ ನೋಡಿದವನು. ಆದರೆ ಮನೆ ರಿಪೇರಿ ಮಾಡಿಸಿ ಪೆಟ್ಟು ತಿಂದವನು. ನಾಲ್ಕೈದು ಮಂದಿ ಫೋನು ಮಾಡಿ ಕೇಳಿದ್ದರಿಂದ ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪು

ನಮ್ಮದು ಮುರಕಲ್ಲಿನ ಗೋಡೆ, ಹಂಚಿನ ಮಾಡು, ಕೆಂಪು ಕಾವಿಯ ನೆಲ ಇದ್ದ ಮನೆ. ಮಗ ಹೇಳಿದ, "ಅಪ್ಪಾ, ನೆಲವನ್ನು ಮುಟ್ಟುವುದು ಬೇಡ. ಬಿರುಕು ಬಿಟ್ಟಲ್ಲಿ ಮಾತ್ರ ಸರಿ ಮಾಡಿಸಿ. ಬೆಂಗಳೂರಿನಲ್ಲಿ ಈಗ ಜನ ದುಡ್ಡು ಕೊಟ್ಟು ಈ ನೆಲ ಹಾಕಿಸಿಕೊಳ್ಳುತ್ತಾರೆ."

ನಾನು ಕೇಳಲಿಲ್ಲ. ಕಾವಿ ನೆಲವೆಂದರೆ ಬಡತನದ ನೆಲ ಎಂಬ ಭಾವನೆ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ನಿವೃತ್ತಿಯಾದ ಮೇಲಾದರೂ ಮುಖ ಕಾಣುವ ಹಾಗೆ ಹೊಳೆಯುವ ನೆಲ ಬೇಕು ಎಂದು ಹಟ ಹಿಡಿದು ಬಿಳಿ ವಿಟ್ರಿಫೈಡ್ ಟೈಲು ಹಾಕಿಸಿದೆ. ಅದೇ ಉತ್ಸಾಹದಲ್ಲಿ ಜಗಲಿಯನ್ನು ಒಳಗೆ ಸೇರಿಸಿ ಹಾಲು ದೊಡ್ಡದು ಮಾಡಿಸಿದೆ. ಆ ಮಳೆಗಾಲದಲ್ಲಿ ಅಂಗಳದಿಂದ ಒದ್ದೆ ಕಾಲಿನಲ್ಲಿ ಬಂದ ನನ್ನ ಹೆಂಡತಿ ಬಾಗಿಲಲ್ಲೇ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಆರು ವಾರ ಪ್ಲಾಸ್ಟರು. "ಹಳೆಯ ನೆಲದಲ್ಲಿ ನಲುವತ್ತು ವರ್ಷ ಓಡಾಡಿದೆ, ಒಂದು ದಿನವೂ ಬೀಳಲಿಲ್ಲ" ಎಂದಷ್ಟೇ ಹೇಳಿದಳು.

ಹಾಗಾಗಿ ಹಳೆಯದೆಲ್ಲ ಒಳ್ಳೆಯದು, ಹೊಸದೆಲ್ಲ ಕೆಟ್ಟದ್ದು ಎಂದು ಹೇಳಲು ನಾನು ಹೊರಟಿಲ್ಲ. ನಮ್ಮ ಮನೆಯಲ್ಲಿ ಹಳೆಯದನ್ನು ಉಳಿಸಲು ಹೇಳಿದವನು ಮಗ, ಕೆಡವಿದವನು ನಾನು.

ನೆಲ

ಕಾವಿ ನೆಲ, ಅಂದರೆ ರೆಡ್ ಆಕ್ಸೈಡ್ ನೆಲ, ಸಿಮೆಂಟಿಗೆ ಕಬ್ಬಿಣದ ಆಕ್ಸೈಡಿನ ಕೆಂಪು ಪುಡಿ ಸೇರಿಸಿ ತೆಳ್ಳಗೆ ಎಳೆದು, ಕರಣೆಯಿಂದ ತಿಕ್ಕಿ ನಯ ಮಾಡುವಂಥದ್ದು. ಕೆಳಗಿನ ಕಾಂಕ್ರೀಟು ಪೂರ್ತಿ ಒಣಗುವ ಮೊದಲೇ ಮೇಲಿನ ಪದರ ಬೀಳಬೇಕು, ಒಂದು ಕೋಣೆಯನ್ನು ಒಂದೇ ದಿನದಲ್ಲಿ ಮುಗಿಸಬೇಕು, ವಾರವಿಡೀ ನೀರು ಕಟ್ಟಿ ಹದ ಮಾಡಬೇಕು. ಆಮೇಲೆ ತೆಂಗಿನೆಣ್ಣೆ ಹಾಕಿ ಒರೆಸಿದಷ್ಟೂ ಬಣ್ಣ ಏರುತ್ತದೆ. ಸಾಮಾನಿಗೆ ಖರ್ಚು ಹೆಚ್ಚಿಲ್ಲ, ಕೈಕೆಲಸಕ್ಕೆ ಉಂಟು. ಕೆಲಸ ಬಲ್ಲ ಮೇಸ್ತ್ರಿಗಳು ಕಡಿಮೆಯಾಗಿದ್ದಾರೆ. ಹಾಕಿಸುವ ಮೊದಲು ಆ ಮೇಸ್ತ್ರಿ ಹಿಂದೆ ಮಾಡಿದ ನೆಲವನ್ನು ಹೋಗಿ ನೋಡಿ. ಬಿರುಕು ಬಿಟ್ಟರೆ ತೇಪೆಯ ಬಣ್ಣ ಹಳೆಯದಕ್ಕೆ ಹೊಂದುವುದಿಲ್ಲ ಎಂಬುದನ್ನೂ ಮೊದಲೇ ಒಪ್ಪಿಕೊಳ್ಳಬೇಕು.

ವಿಟ್ರಿಫೈಡ್ ಟೈಲು ಬಹುಪಾಲು ಗುಜರಾತಿನ ಮೋರ್ಬಿಯಿಂದ ಬರುತ್ತದೆ. ಜೇಡಿ, ಸಿಲಿಕಾ, ಫೆಲ್ಡ್‌ಸ್ಪಾರ್ ಪುಡಿಯನ್ನು ಒತ್ತಿ ಸುಮಾರು 1200 ಡಿಗ್ರಿಯಲ್ಲಿ ಸುಟ್ಟಾಗ ಅದು ಗಾಜಿನಂತೆ ಬೆಸೆದುಕೊಳ್ಳುತ್ತದೆ. ನೀರು ಹೀರುವುದು ಶೇ. 0.5ಕ್ಕಿಂತಲೂ ಕಡಿಮೆ. ಕಲೆ ಹಿಡಿಯದಿರುವುದು ಇದರಿಂದಲೇ, ನೀರು ಮೇಲೆಯೇ ನಿಂತು ಕಾಲು ಜಾರುವುದೂ ಇದರಿಂದಲೇ. ಟೈಲೇ ಬೇಕಾದರೆ ಹೊಳಪಿಲ್ಲದ ಮ್ಯಾಟ್ ಜಾತಿಯದ್ದು ಕೇಳಿ. ಜಾರದಿರುವ ಗುಣಕ್ಕೆ ಆರ್ 9ರಿಂದ ಆರ್ 13ರವರೆಗೆ ಅಂಕಿ ಉಂಟು. ಅಂಕಿ ಏರಿದಷ್ಟೂ ಹಿಡಿತ ಹೆಚ್ಚು. ಬಚ್ಚಲುಮನೆಗೂ ಹೊರಬಾಗಿಲ ಬಳಿಗೂ ಆರ್ 10ಕ್ಕಿಂತ ಕಡಿಮೆಯದ್ದು ಬೇಡ. ಅಂಗಡಿಯಲ್ಲಿ ಒಂದು ಟೈಲಿಗೆ ನೀರು ಹಾಕಿಸಿ, ಬರಿಗಾಲಿನಲ್ಲಿ ಮೆಟ್ಟಿ ನೋಡಿ. ನಾಚಿಕೆ ಬೇಡ.

ಬೇರೆ ಊರಿನ ಸದಸ್ಯರಿಗೆ ಇನ್ನೂ ಒಳ್ಳೆಯ ದಾರಿ ಮನೆಯ ಹತ್ತಿರವೇ ಉಂಟು. ಸೊಲ್ಲಾಪುರ, ಅಕ್ಕಲಕೋಟೆಯವರಿಗೆ ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು. ಪಶ್ಚಿಮ ತೆಲಂಗಾಣದವರಿಗೆ ತಾಂಡೂರಿನ ನೀಲಿ ಮತ್ತು ಹಳದಿ ಕಲ್ಲು. ಆದೋನಿ, ರಾಯದುರ್ಗದ ಕಡೆಗೆ ಬೇತಂಚೆರ್ಲದ ಕಲ್ಲು ಮತ್ತು ಕಪ್ಪು ಕಡಪ ಕಲ್ಲು. ಇವೆಲ್ಲ ಸುಣ್ಣಕಲ್ಲಿನ ಜಾತಿಯವು, ಬೇಸಿಗೆಯಲ್ಲಿ ಕಾಲಿಗೆ ತಂಪು. ಒಂದೇ ಎಚ್ಚರಿಕೆ. ಸುಣ್ಣಕಲ್ಲಿಗೆ ಹುಳಿ ಆಗದು. ನಿಂಬೆರಸ, ಹುಣಸೆ, ಬಚ್ಚಲು ತೊಳೆಯುವ ಆಸಿಡ್ ಬಿದ್ದಲ್ಲಿ ಹೊಳಪು ಹೋಗುತ್ತದೆ.

ಮೇಲ್ಭಾಗ

ಮಂಗಳೂರು ಹಂಚಿನ ಕತೆ ಎಲ್ಲರಿಗೂ ಗೊತ್ತು. 1865ರಲ್ಲಿ ಬಾಸೆಲ್ ಮಿಶನ್ನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಅಲ್ಲಿಂದ ಕರಾವಳಿಯ ಮಾಡುಗಳೆಲ್ಲ ಹುಲ್ಲಿನಿಂದ ಹಂಚಿಗೆ ಬಂದವು. ಆಮೇಲೆ ಕಾಂಕ್ರೀಟು ಬಂತು. ಈಗ ತಾರಸಿಯ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಮತ್ತೆ ಹಂಚು ಹೊದೆಸುತ್ತಿದ್ದೇವೆ. ಇದು ಶೋಕಿಯಲ್ಲ, ನಮ್ಮ ಮಳೆಗೆ ಬೇಕಾದದ್ದೇ. ತಾರಸಿ ಸೋರುವುದು ನಿಲ್ಲುತ್ತದೆ, ಕೆಳಗೆ ಸೆಖೆ ಕಡಿಮೆಯಾಗುತ್ತದೆ, ಅಡಿಕೆ, ಬಟ್ಟೆ ಒಣಗಿಸಲು ಜಾಗವೂ ಸಿಗುತ್ತದೆ.

ಹೊಸ ಮನೆ ಕಟ್ಟುವವರು ಲಾರಿ ಬೇಕರ್ ಅವರ ಫಿಲ್ಲರ್ ಸ್ಲ್ಯಾಬಿನ ಬಗ್ಗೆ ವಿಚಾರಿಸಿ. ಇಂಗ್ಲೆಂಡಿನಲ್ಲಿ ಹುಟ್ಟಿ ತಿರುವನಂತಪುರದಲ್ಲಿ ನೆಲೆಸಿದ್ದ ಬೇಕರ್ (1917–2007) ಕಡಿಮೆ ಖರ್ಚಿನ ಮನೆಗಳಿಗೆ ಹೆಸರಾದವರು. ತಾರಸಿಯ ಅಡಿಭಾಗದ ಕಾಂಕ್ರೀಟು ಭಾರ ಹೊರುವ ಕೆಲಸವನ್ನು ಹೆಚ್ಚು ಮಾಡುವುದಿಲ್ಲ. ಆ ಜಾಗದಲ್ಲಿ ಸರಳುಗಳ ನಡುವೆ ಹಳೆಯ ಹಂಚುಗಳನ್ನು ಇಟ್ಟರೆ ಸಿಮೆಂಟು ಉಳಿಯುತ್ತದೆ, ತೂಕ ಇಳಿಯುತ್ತದೆ, ಕೆಳಗಿನಿಂದ ನೋಡಲು ಕೆಂಪು ಚೌಕದ ಅಲಂಕಾರವೂ ತಾನಾಗಿ ಆಗುತ್ತದೆ. ಬೇರೆ ಅಲಂಕಾರಕ್ಕೆ ದುಡ್ಡು ಬೇಡ. ಆದರೆ ಲೆಕ್ಕ ಬಲ್ಲ ಇಂಜಿನಿಯರು ಜೊತೆಗಿರಲೇಬೇಕು.

ಇನ್ನು ಫಾಲ್ಸ್ ಸೀಲಿಂಗು. ಇದರ ಪ್ಲಾಸ್ಟರ್ ಆಫ್ ಪ್ಯಾರಿಸ್ ಆಗಲಿ, ಜಿಪ್ಸಂ ಹಲಗೆಯಾಗಲಿ, ನೀರಿಗೆ ಸೋಲುವ ವಸ್ತು. ವರ್ಷಕ್ಕೆ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ನಮ್ಮ ಕಡೆ ತಾರಸಿ ಒಂದು ಹನಿ ಸೋರಿದರೂ ಮೊದಲು ಹಳದಿ ಮಚ್ಚೆ, ಆಮೇಲೆ ಬೂಸಲು, ಕೊನೆಗೆ ಹಲಗೆ ಜೋಲು. ಸೋರುವ ಜಾಗ ಎಲ್ಲಿ ಎಂದು ಕಾಣುವುದೂ ಇಲ್ಲ. ಇಲಿಗಳಿಗೆ ಮಾತ್ರ ಅನುಕೂಲ. ಒಣ ಹವೆಯ ಆದೋನಿ, ಜತ್ತದಲ್ಲಿ ಈ ತೊಂದರೆ ಕಡಿಮೆ. ಆದರೆ ಹತ್ತಡಿ ಎತ್ತರದ ಕೋಣೆಯಲ್ಲಿ ಮುಕ್ಕಾಲು ಅಡಿ ಇಳಿಸಿದರೆ ಫ್ಯಾನಿನ ಗಾಳಿಯೂ ಮನಸ್ಸಿನ ಹರವೂ ಅಷ್ಟು ಇಳಿಯುತ್ತದೆ. ಹಳೆಯ ಮನೆಗೆ ಮರದ ಮುಚ್ಚಿಗೆ ಇದ್ದರೆ ಅದನ್ನು ಮುಚ್ಚಿ ಹಾಕಬೇಡಿ.

ಗೋಡೆ

ಮುರಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟವನು ಫ್ರಾನ್ಸಿಸ್ ಬುಕಾನನ್. ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳ ಪ್ರವಾಸದ ಬಗ್ಗೆ 1807ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಅವನು ಇದನ್ನು ವಿವರಿಸಿದ್ದಾನೆ. ನೆಲದಿಂದ ತೆಗೆಯುವಾಗ ಕತ್ತರಿಸಲು ಬರುವಷ್ಟು ಮೆದು, ಗಾಳಿ ಬಿಸಿಲಿಗೆ ಇಟ್ಟರೆ ಗಟ್ಟಿ. ನಮ್ಮ ಹಿರಿಯರು ಈ ಕಲ್ಲಿನಿಂದ ಗೋಡೆ ಕಟ್ಟಿ, ಕಲ್ಲು ಕಂಡರೆ ಮರ್ಯಾದೆ ಹೋಗುತ್ತದೆಂದು ಗಾರೆ ಮಾಡಿ ಮುಚ್ಚುತ್ತಿದ್ದರು. ಈಗ ಕಾಂಕ್ರೀಟಿನ ಗೋಡೆಗೆ ಅದೇ ಕಲ್ಲಿನ ತೆಳುವಾದ ಬಿಲ್ಲೆಗಳನ್ನು ಅಂಟಿಸುತ್ತಾರೆ. ಒಳಗೆ ನಿಜವಾದ ಮುರಕಲ್ಲೇ ಇರುವವರು ಒಂದು ಗೋಡೆಯ ಗಾರೆಯನ್ನು ಕೆತ್ತಿಸಿ, ಸಂದು ತುಂಬಿಸಿದರೆ ಅದೇ ನೋಟ ಬರುತ್ತದೆ. ಹೊರಗೋಡೆಯಾದರೆ ಮಾಡಿನ ಇಳಿಜಾರು ಗೋಡೆಯನ್ನು ಕಾಯುವಂತಿರಬೇಕು.

ಹಾಲಿನ ಗೋಡೆಗೆ ಈಗ ಎಲ್ಲೆಡೆ ವಾರ್ಲಿ ಚಿತ್ರ. ವಾರ್ಲಿ ಸುಂದರವೇ, ಮಹಾರಾಷ್ಟ್ರದ ಬುಡಕಟ್ಟಿನವರ ಕಲೆ. ಆದರೆ ನಮ್ಮಲ್ಲೂ ಉಂಟಲ್ಲ! ಮಲೆನಾಡಿನ ದೀವರ ಹೆಂಗಸರು ಬರೆಯುವ ಹಸೆ ಚಿತ್ತಾರ, ಗೋವೆಯಿಂದ ಉಡುಪಿಯವರೆಗಿನ ದೇವಸ್ಥಾನಗಳ ಬಿಳಿ ಸುಣ್ಣದ ಗೋಡೆಯಲ್ಲಿ ಕೆಂಪಾಗಿ ಕಾಣುವ ಕಾವಿ ಕಲೆ. ಒಂದು ಗೋಡೆಯಲ್ಲಿ ಬರೆಸಿದರೆ ಕಲಾವಿದರಿಗೆ ಕೆಲಸ, ಮಕ್ಕಳಿಗೆ ಪರಿಚಯ. ಯಕ್ಷಗಾನದ ಕಿರೀಟವನ್ನು ಗೋಡೆಗೆ ತೂಗುಹಾಕುವವರು ಅದು ಯಾವ ವೇಷದ್ದು ಎಂದು ಮೊಮ್ಮಕ್ಕಳಿಗೆ ಹೇಳಿಕೊಡಿ. ಅದಕ್ಕೆ ಖರ್ಚಿಲ್ಲ.

ಮರ ಮತ್ತು ಅಡುಗೆಮನೆ

ಮಾಡ್ಯುಲರ್ ಕಿಚನ್ ಮಾಡಿಸುವಾಗ ಹೊರಗಿನ ಬಣ್ಣ ನೋಡುವುದಕ್ಕಿಂತ ಒಳಗಿನ ಹಲಗೆ ಯಾವುದು ಎಂದು ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಎಂಡಿಎಫ್ ಮತ್ತು ಪಾರ್ಟಿಕಲ್ ಬೋರ್ಡು ಮರದ ನಾರು, ಪುಡಿಯನ್ನು ಅಂಟಿನಿಂದ ಒತ್ತಿದ್ದು. ಸಿಂಕಿನ ಕೆಳಗೆ ನೀರು ತಾಗಿದರೆ ಹಪ್ಪಳದ ಹಾಗೆ ಉಬ್ಬುತ್ತದೆ. ಪ್ಲೈವುಡ್ಡಿನಲ್ಲಿ ಐಎಸ್ 710 ಎಂಬ ಮುದ್ರೆ ಇದ್ದರೆ ಅದು ಮೆರೈನ್ ದರ್ಜೆ, ನೀರು ತಾಗುವ ಜಾಗಕ್ಕೆ ಅದೇ ಆಗಬೇಕು. ಐಎಸ್ 303ರ ಎಂಆರ್ ದರ್ಜೆ ತೇವ ತಡೆಯುತ್ತದೆಯೇ ಹೊರತು ನೀರು ತಡೆಯುವುದಿಲ್ಲ. ಕಪಾಟಿಗೆ ಸಾಕು, ಸಿಂಕಿನ ಅಡಿಗೆ ಸಾಲದು.

ಬಾಗಿಲಿಲ್ಲದ ತೆರೆದ ಅಡುಗೆಮನೆಯ ಬಗ್ಗೆ ಒಂದೇ ಮಾತು. ಒಗ್ಗರಣೆಯ ಘಾಟು ಸೋಫಾದಲ್ಲಿ ಕೂತವರಿಗೂ ಬರುತ್ತದೆ. ಆದರೆ ಅಡುಗೆ ಮಾಡುವವರು ಒಬ್ಬರೇ ಕತ್ತಲೆ ಕೋಣೆಯಲ್ಲಿ ಇರಬೇಕಾಗಿಲ್ಲ, ಮನೆಯ ಮಾತಿನಲ್ಲಿ ಅವರೂ ಸೇರುತ್ತಾರೆ. ಈ ಬದಲಾವಣೆ ನನಗೆ ಒಪ್ಪಿಗೆ. ನನ್ನ ತಾಯಿಗೆ ಇಂಥ ಅಡುಗೆಮನೆ ಸಿಗಬೇಕಿತ್ತು.

ಹಳೆಯ ಕಂಬಗಳ ವ್ಯಾಪಾರ

ಹಲಸಿನ ಮರದ ಕಂಬ, ಕೆತ್ತನೆಯ ದಾರಂದ, ಪತ್ತಾಯ ಇವನ್ನು ಕೇಳಿಕೊಂಡು ಈಗ ಊರೂರಿಗೆ ಜನ ಬರುತ್ತಾರೆ. ಸೌದೆಯ ಕ್ರಯಕ್ಕಿಂತ ಸ್ವಲ್ಪ ಹೆಚ್ಚು ಕೊಟ್ಟು ಒಯ್ಯುತ್ತಾರೆ. ಅದೇ ಕಂಬ ಪೇಟೆಯ ಹೋಟೆಲಿನಲ್ಲಿ ಅಲಂಕಾರವಾಗಿ ನಿಲ್ಲುತ್ತದೆ. ಮಾರಲೇಬೇಕಾದರೆ ಎರಡು ಮೂರು ಕಡೆ ಕ್ರಯ ಕೇಳಿ, ಮಾರುವ ಮೊದಲು ಫೋಟೋ ತೆಗೆದು ಅಳತೆ ಬರೆದಿಡಿ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಬಿದ್ದುಹೋಗಲಿದ್ದ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿ ಪಾರಂಪರಿಕ ಗ್ರಾಮವನ್ನೇ ಮಾಡಿದರು. ಚೆನ್ನೈ ಹತ್ತಿರದ ದಕ್ಷಿಣಚಿತ್ರದಲ್ಲಿ ಇಳಕಲ್ ನೇಕಾರರ ಮನೆಯನ್ನು ಈಗಲೂ ನೋಡಬಹುದು. ಎಲ್ಲರಿಂದಲೂ ಇದು ಸಾಧ್ಯವಿಲ್ಲ. ಒಂದು ಕಂಬವನ್ನು ನಮ್ಮದೇ ಹೊಸ ಮನೆಯಲ್ಲಿ ನಿಲ್ಲಿಸುವುದು ಸಾಧ್ಯ.

ಜಗಲಿ ಎಂಬುದು ಅಲಂಕಾರವಲ್ಲ

ಇಷ್ಟೆಲ್ಲ ಬರೆದದ್ದು ಮುಂದಿನ ಮಾತಿಗಾಗಿ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅಲ್ಲಿಂದೀಚೆಗೆ ಇಲ್ಲಿ ಕನ್ನಡ ಉಳಿದದ್ದರಲ್ಲಿ ಶಾಲೆಗಳ ಪಾಲು ದೊಡ್ಡದು, ನಿಜ. ಆದರೆ ಮನೆಯ ಚಾವಡಿ, ಜಗಲಿಗಳ ಪಾಲನ್ನು ಯಾರೂ ಲೆಕ್ಕ ಹಾಕಿಲ್ಲ. ನಮ್ಮ ಸಂಘಕ್ಕೆ ಇವತ್ತಿಗೂ ಸ್ವಂತ ಕಟ್ಟಡವಿಲ್ಲ. ಸರದಿಯಂತೆ ಸದಸ್ಯರ ಮನೆಗಳಲ್ಲಿ ಸಭೆ ಸೇರುತ್ತೇವೆ. ಮಳೆಗಾಲದಲ್ಲಿ ತಾಳಮದ್ದಳೆ ನಡೆಯುವುದೂ ಮನೆಗಳಲ್ಲೇ. ಚಾಪೆ ಹಾಸಿದರೆ ಮೂವತ್ತು ಮಂದಿ ಕೂರುತ್ತಿದ್ದರು. ಬಾಗಿಲು ತಟ್ಟದೆ ಬಂದು ಮೆಟ್ಟಿಲಲ್ಲಿ ಕೂತು ಕೇಳಿ ಹೋಗುವವರೂ ಇರುತ್ತಿದ್ದರು.

ರಿಪೇರಿಯ ನಂತರ ನಮ್ಮ ಮನೆಯ ಸರದಿ ಬಂತು. ಹಾಲು ದೊಡ್ಡದೇ. ಆದರೆ ಎಲ್ ಆಕಾರದ ಸೋಫಾ, ಗಾಜಿನ ಟೀಪಾಯಿ, ಟಿವಿಯ ಕಪಾಟು ಸೇರಿ ಉಳಿದದ್ದು ಏಳು ಮಂದಿಗೆ ಜಾಗ. ಅರ್ಧದಷ್ಟು ಜನ ಅಂಗಳದಲ್ಲಿ ನಿಂತರು, ಮಳೆ ಬಂದಾಗ ಮನೆಗೆ ಹೋದರು. ಕಾರ್ಯದರ್ಶಿಯ ಮನೆಯಲ್ಲೇ ಹೀಗಾಯಿತಲ್ಲ ಎಂದು ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸರದಿಯ ಪಟ್ಟಿಯಲ್ಲಿ ಒಂದು ಕಾಲಕ್ಕೆ ಹದಿನಾಲ್ಕು ಮನೆಗಳಿದ್ದವು. ಈಗ ಸಭೆ ನಡೆಸಬಹುದಾದ ಮನೆ ಐದು.

ಸೊಲ್ಲಾಪುರದವರ ಪಡಸಾಲೆ, ಮಡಕಶಿರಾದವರ ಮನೆಮುಂದಿನ ಕಟ್ಟೆ, ತಾಳವಾಡಿಯವರ ಜಗುಲಿ, ಗೋವೆಯವರ ಬಲ್ಕಾಂವ್, ಹೆಸರು ಬೇರೆ, ಕೆಲಸ ಒಂದೇ. ಕರೆಯದೆ ಬಂದವನಿಗೂ ಕೂರಲು ಜಾಗ. ಬೀದಿಯಲ್ಲಿ ಬೇರೆ ಭಾಷೆ ನಡೆಯುವ ಊರಿನಲ್ಲಿ ನಮ್ಮ ಭಾಷೆ ನಾಲ್ಕು ಜನರ ನಡುವೆ ಕೇಳಿಸಬೇಕಾದರೆ ಆ ನಾಲ್ಕು ಜನ ಕೂರುವ ಸ್ಥಳ ಬೇಕು.

ಆದ್ದರಿಂದ ಮನೆ ಕಟ್ಟಿಸುವ, ರಿಪೇರಿ ಮಾಡಿಸುವ ಸದಸ್ಯರಲ್ಲಿ ಮೂರು ವಿನಂತಿ. ಒಂದು, ನಕ್ಷೆಯಲ್ಲಿ ಆರಡಿ ಅಗಲದ ಜಗಲಿಯನ್ನಾದರೂ ಉಳಿಸಿ. ಎರಡು, ಹಾಲಿನಲ್ಲಿ ಗೋಡೆಗೆ ಕಚ್ಚಿದ ಸಾಮಾನು ಕಡಿಮೆ ಮಾಡಿ, ಸರಿಸಬಹುದಾದ ಬೆಂಚು, ಚಾಪೆ ಇಟ್ಟುಕೊಳ್ಳಿ. ಮೂರು, ಗೇಟಿನಲ್ಲಿ ಮನೆಯ ಹೆಸರು ಬರೆಸುವಾಗ ಉಳಿದ ಭಾಷೆಗಳ ಜೊತೆಗೆ ಕನ್ನಡದಲ್ಲೂ ಬರೆಸಿ. ಸ್ಟೀಲಿನ ಅಕ್ಷರ ಕತ್ತರಿಸುವವರಿಗೆ ಕಾಗದದಲ್ಲಿ ಸರಿಯಾಗಿ ಬರೆದುಕೊಡಿ, ಒತ್ತಕ್ಷರ ತಪ್ಪುವುದು ಅಲ್ಲೇ.

ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಗಳ ಮನೆ ಇಂದಿಗೂ ಸ್ಮಾರಕವಾಗಿ ಉಳಿದಿದೆ. ಈ ಕಡೆ ಬರುವ ಸದಸ್ಯರು ಹೋಗಿ ನೋಡಬೇಕು.

ನಮ್ಮ ಮನೆಯ ವಿಷಯ ಹೇಳಿ ಮುಗಿಸುತ್ತೇನೆ. ಹಾಲಿನ ಟೈಲು ಹಾಗೇ ಉಂಟು, ಬಾಗಿಲ ಬಳಿ ನಾರಿನ ಕಾಲೊರಸು ಹಾಕಿದ್ದೇವೆ. ಮುಂಭಾಗದಲ್ಲಿ ಹಂಚಿನ ಇಳಿಜಾರು ಇಳಿಸಿ ಹೊಸದಾಗಿ ಜಗಲಿ ಕಟ್ಟಿಸಿದ್ದೇನೆ. ಅದರ ನೆಲ ಕೆಂಪು ಕಾವಿ. ಎಪ್ಪತ್ತು ದಾಟಿದ ಮೇಸ್ತ್ರಿಯೊಬ್ಬರು ಮಗನನ್ನು ಜೊತೆಗೆ ಕರೆತಂದು ಒಂದೇ ದಿನದಲ್ಲಿ ಎಳೆದುಕೊಟ್ಟರು. ತೆಂಗಿನೆಣ್ಣೆ ಹಾಕಿ ಒರೆಸುವ ಕೆಲಸ ನನ್ನದು, ಹೆಂಡತಿಯ ಆಜ್ಞೆ. ಮುಂದಿನ ತಿಂಗಳ ಸಭೆ ಅಲ್ಲೇ. ಚಾಪೆ ನಮ್ಮದು, ತಾವು ಬಂದರೆ ಸಾಕು.

ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ