ನಿಮಗಿದು ಗೊತ್ತೇ? ಗ್ಲಾಸ್ ಬದಲಾದರೆ ವೈನಿನ ಘಮವೂ ಬದಲು!

ವಾಸನೆಯ ಫೋಟೋ ತೆಗೆಯಬಹುದೇ? ಜಪಾನಿನವರು ತೆಗೆದೇಬಿಟ್ಟಿದ್ದಾರೆ! ಟೋಕಿಯೊದ ವಿಜ್ಞಾನಿ ಕೋಜಿ ಮಿತ್ಸುಬಯಾಶಿ ಮತ್ತು ಸಂಗಡಿಗರು ವೈನ್ ಗ್ಲಾಸಿನ ಬಾಯಿಗೆ ಕಿಣ್ವ ಲೇಪಿಸಿದ ಜಾಲರಿ ಹೊದಿಸಿದರು. ಆಲ್ಕೋಹಾಲ್ ಆವಿ ತಾಗಿದ ಕಡೆಯೆಲ್ಲ ಜಾಲರಿ ಬೆಳಗಿತು. ಕ್ಯಾಮೆರಾ ಆ ಬೆಳಕನ್ನು ಹಿಡಿಯಿತು. ಇದು 2015ರಲ್ಲಿ ಪ್ರಕಟವಾದ ಸುದ್ದಿ.

ಚಿತ್ರದಲ್ಲಿ ಕಂಡದ್ದೇನು ಗೊತ್ತೇ? ಒಂದು ಬಳೆ! ಆಲ್ಕೋಹಾಲ್ ಆವಿ ಗ್ಲಾಸಿನ ಅಂಚಿನ ಸುತ್ತ ದಟ್ಟವಾಗಿತ್ತು, ನಡುವೆ ತೆಳುವಾಗಿತ್ತು. ಸರಿಯಾಗಿ ನಡುವೆ ಮೂಗಿಟ್ಟರೆ ಆಲ್ಕೋಹಾಲಿನ ಘಾಟು ಕಡಿಮೆ, ವೈನಿನ ಪರಿಮಳ ಸ್ಪಷ್ಟ.

ಅದೇ ವೈನನ್ನು ನೇರ ಗೋಡೆಯ ಲೋಟಕ್ಕೆ ಸುರಿದರು. ಬಳೆ ಮಾಯ! ಅಗಲ ಬಾಯಿಯ ಮಾರ್ಟಿನಿ ಗ್ಲಾಸಿಗೆ ಸುರಿದರು. ಅಲ್ಲೂ ಇಲ್ಲ!

ಇನ್ನೊಂದು ತಮಾಷೆ ಕೇಳಿ. ವೈನ್ ಗ್ಲಾಸಿನಲ್ಲೂ ಬಳೆ ಕಂಡದ್ದು 13 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ. 25 ಡಿಗ್ರಿಗೆ ಬಿಸಿಯಾದಾಗ ಆವಿ ಎಲ್ಲೆಡೆ ತುಂಬಿಕೊಂಡು ಬಳೆ ಅಳಿಸಿಹೋಯಿತು. ಬೆಲೆಬಾಳುವ ಗ್ಲಾಸೂ ಸೆಕೆಗೆ ಸೋತಿತು!

ವೈನ್ ರುಚಿ ನೋಡುವವರಿಗೆಂದೇ ಒಂದು ಅಂತರರಾಷ್ಟ್ರೀಯ ಗ್ಲಾಸ್ ಇದೆ. ಅದರ ಅಳತೆ ನಿಗದಿಯಾದದ್ದು 1977ರಲ್ಲಿ. ಹೊಟ್ಟೆ ದಪ್ಪ, ಬಾಯಿ ಕಿರಿದು. ಸುಮಾರು 215 ಮಿಲಿಲೀಟರ್ ಹಿಡಿಯುತ್ತದೆ, ಆದರೆ ಸುರಿಯಬೇಕಾದದ್ದು 50 ಮಾತ್ರ! ಮಿಕ್ಕ ಜಾಗವೆಲ್ಲ? ಘಮಕ್ಕೆ ಮೀಸಲು! ಜಿಪುಣತನ ಅಂದುಕೊಳ್ಳಬೇಡಿ.

ಆಸ್ಟ್ರಿಯಾದ ಕ್ಲಾಸ್ ರೀಡೆಲ್ 1958ರಲ್ಲಿ ಬರ್ಗಂಡಿ ವೈನಿಗಾಗಿ ಒಂದು ಗ್ಲಾಸ್ ರೂಪಿಸಿದರು. ಎಷ್ಟು ದೊಡ್ಡದು ಅಂತೀರಾ? 750 ಮಿಲಿಲೀಟರಿನ ಇಡೀ ಬಾಟಲಿ ಬಗ್ಗಿಸಿದರೂ ತುಂಬುವುದಿಲ್ಲ! ಈಗದು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಸೇರಿದೆ. ಕುಡಿಯುವ ಗ್ಲಾಸಿಗೆ ಎಂಥ ಭಾಗ್ಯ!

ಗ್ಲಾಸಿನ ಆಕಾರ ವೈನನ್ನು ನಾಲಿಗೆಯ ಸರಿಯಾದ ಜಾಗಕ್ಕೇ ಬೀಳಿಸುತ್ತದೆ ಎಂಬ ಮಾತು ಕೇಳಿರಬಹುದು. ತುದಿಯಲ್ಲಿ ಸಿಹಿ, ಹಿಂಭಾಗದಲ್ಲಿ ಕಹಿ ಎಂಬ ಹಳೆಯ ನಕ್ಷೆ ನಂಬಿ ಹುಟ್ಟಿದ ಮಾತದು. ಆ ನಕ್ಷೆಯೇ ತಪ್ಪು! ನಾಲಿಗೆಯ ಎಲ್ಲ ರುಚಿ ಭಾಗಗಳಿಗೂ ಎಲ್ಲ ರುಚಿ ಗೊತ್ತಾಗುತ್ತದೆ. ಗ್ಲಾಸಿನ ನಿಜವಾದ ಆಟ ಮೂಗಿನ ಜೊತೆ.

ಶಾಂಪೇನಿನ ಕಥೆ ಬೇರೆ. ಗುಳ್ಳೆ ಒಡೆದಾಗ ಸಿಡಿಯುವ ಸಣ್ಣ ಹನಿಗಳೇ ಪರಿಮಳವನ್ನು ಮೇಲಕ್ಕೆ ಹೊತ್ತು ತರುತ್ತವೆ. ಕಿರಿದಾದ ಉದ್ದ ಗ್ಲಾಸಿನಲ್ಲಿ ಇಂಗಾಲದ ಡೈಆಕ್ಸೈಡ್ ಕೂಡ ಬಾಯಿಯ ಬಳಿ ದಟ್ಟೈಸುತ್ತದೆ. ಮೂಗು ಚುರ್ ಅನ್ನುವುದು ಅದಕ್ಕೇ!

ಕೊನೆಗೊಂದು ಕಿತಾಪತಿ. ಫ್ರಾನ್ಸಿನ ಬೋರ್ಡೋದಲ್ಲಿ 54 ಮಂದಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅವರೋ, ಕೆಂಪು ವೈನಿನ ಘಮವನ್ನೇ ವರ್ಣಿಸಿದರು! ಅದಕ್ಕೇ ಕೆಲವು ಪರೀಕ್ಷೆಗಳಲ್ಲಿ ಒಳಗಿರುವುದು ಕಾಣದ ಕಡುಗಪ್ಪು ಗ್ಲಾಸು ಕೊಡುತ್ತಾರೆ. ಈಗ ಹೇಳಿ, ಕೆಂಪೋ ಬಿಳಿಯೋ?