ಮನೆಗೊಂದು ರಕ್ತದೊತ್ತಡ ಮಾಪಕ: ಕೊಳ್ಳುವ ಮುನ್ನ

ರಕ್ತದೊತ್ತಡ ಏರಿದ್ದು ಬಹಳಷ್ಟು ಜನರಿಗೆ ಗೊತ್ತೇ ಆಗುವುದಿಲ್ಲ. ತಲೆನೋವಿಲ್ಲ, ಸುಸ್ತಿಲ್ಲ, ಆದರೂ ಹೃದಯ, ಮೂತ್ರಪಿಂಡ, ಮೆದುಳಿನ ರಕ್ತನಾಳಗಳಿಗೆ ಒಳಗೊಳಗೇ ಹಾನಿಯಾಗುತ್ತಿರುತ್ತದೆ. ತಿಳಿಯಲು ಇರುವ ದಾರಿ ಅಳತೆಯೊಂದೇ. ಅಳತೆಯೇ ತಪ್ಪಾದರೆ? ಬೇಡದ ಮಾತ್ರೆ ನುಂಗಬೇಕಾದೀತು, ಇಲ್ಲವೇ ಬೇಕಾದ ಚಿಕಿತ್ಸೆ ತಪ್ಪಿಹೋದೀತು. ಅಜ್ಜನಿಗೋ ಅಮ್ಮನಿಗೋ ಮಾಪಕ ತರಲು ಅಂಗಡಿಗೆ ಹೋಗುವವರು ನೀವೇ ಆಗಿರಬಹುದು. ಆದ್ದರಿಂದ ಅದು ಕೆಲಸ ಮಾಡುವ ಬಗೆಯನ್ನು ಮೊದಲು ತಿಳಿಯೋಣ.

1896ರಲ್ಲಿ ಇಟಲಿಯ ವೈದ್ಯ ರಿವಾ-ರೊಚ್ಚಿ ತೋಳಿಗೆ ಗಾಳಿಪಟ್ಟಿ ಸುತ್ತಿ, ಪಾದರಸದ ಕಂಬದಿಂದ ಒತ್ತಡ ಅಳೆಯುವ ಸಾಧನ ರೂಪಿಸಿದರು. 1905ರಲ್ಲಿ ರಷ್ಯದ ವೈದ್ಯ ಕೊರೊಟ್ಕಾಫ್, ಸ್ಟೆತಾಸ್ಕೋಪಿನಲ್ಲಿ ಧಮನಿಯ ಸದ್ದು ಕೇಳಿ ಮೇಲಿನ ಮತ್ತು ಕೆಳಗಿನ ಒತ್ತಡಗಳೆರಡನ್ನೂ ಗುರುತಿಸುವ ವಿಧಾನ ತೋರಿಸಿದರು. ಮನೆಬಳಕೆಯ ಎಲೆಕ್ಟ್ರಾನಿಕ್ ಮಾಪಕಗಳು ಸಾಮಾನ್ಯವಾಗಿ ಸದ್ದು ಕೇಳುವುದಿಲ್ಲ. ನಾಡಿ ಮಿಡಿದಾಗ ಪಟ್ಟಿಯೊಳಗಿನ ಗಾಳಿಯಲ್ಲಿ ಏಳುವ ಪುಟ್ಟ ಕಂಪನಗಳನ್ನು ಗ್ರಹಿಸಿ, ಲೆಕ್ಕ ಹಾಕಿ ಅಂಕಿಗಳನ್ನು ಕೊಡುತ್ತವೆ. ಈ ಲೆಕ್ಕದ ಸೂತ್ರ ತಯಾರಕರಿಂದ ತಯಾರಕರಿಗೆ ಬೇರೆ. ಹೀಗಾಗಿ, ನೀವು ಕೊಳ್ಳುವ ಮಾದರಿಯನ್ನು ಅಂತರರಾಷ್ಟ್ರೀಯ ಮಾನದಂಡದಂತೆ ಜನರ ಮೇಲೆ ಪರೀಕ್ಷಿಸಿ ಒಪ್ಪಲಾಗಿದೆಯೇ ಎಂದು ವಿಚಾರಿಸಿ. ಬೆಲೆ ಹೆಚ್ಚಿದ್ದ ಮಾತ್ರಕ್ಕೆ ಅಳತೆ ಸರಿಯೆಂದಲ್ಲ.

ಎರಡನೆಯದು ಪಟ್ಟಿಯ ಗಾತ್ರ. ಅಂಗಡಿಗೆ ಹೋಗುವ ಮುನ್ನ ದರ್ಜಿಯ ಟೇಪಿನಿಂದ, ಭುಜ ಮತ್ತು ಮೊಣಕೈಗಳ ನಡುಮಧ್ಯೆ ತೋಳಿನ ಸುತ್ತಳತೆ ತೆಗೆಯಿರಿ. ಪಟ್ಟಿ ಎಷ್ಟು ಸುತ್ತಳತೆಯ ತೋಳಿಗೆಂದು ಅದರ ಮೇಲೆಯೇ ಮುದ್ರಿಸಿರುತ್ತಾರೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಅಂಕಿ ನಿಜಕ್ಕಿಂತ ಹೆಚ್ಚು ಬರುತ್ತದೆ. ಸಣ್ಣ ತೋಳಿಗೆ ದೊಡ್ಡ ಪಟ್ಟಿಯಾದರೆ ಕಡಿಮೆ.

ಮಣಿಕಟ್ಟಿಗೆ ಕಟ್ಟುವ ಮಾಪಕ ಹಗುರವೇನೋ ಹೌದು. ಆದರೆ ನಿಮ್ಮ ಭೌತಶಾಸ್ತ್ರದ ಪಾಠ ನೆನಪಿಸಿಕೊಳ್ಳಿ: ದ್ರವದ ಆಳ ಹೆಚ್ಚಿದಂತೆ ಒತ್ತಡವೂ ಹೆಚ್ಚು. ಪಾದರಸದ ಸಾಂದ್ರತೆ ರಕ್ತದ ಸುಮಾರು 13 ಪಟ್ಟು. ಕೈ ಹೃದಯದ ಮಟ್ಟಕ್ಕಿಂತ 10 ಸೆಂ.ಮೀ., ಅಂದರೆ 100 ಮಿ.ಮೀ. ಕೆಳಗಿದ್ದರೆ, ಅದನ್ನು 13ರಿಂದ ಭಾಗಿಸಿ. ಅಂಕಿ ಪಾದರಸದ ಸುಮಾರು 8 ಮಿ.ಮೀ.ನಷ್ಟು ಏರಿರುತ್ತದೆ! ಮಣಿಕಟ್ಟು ಸುಲಭವಾಗಿ ಮೇಲೆ ಕೆಳಗೆ ಸರಿಯುವುದರಿಂದ, ಮನೆಗೆ ತೋಳಿನ ಮಾಪಕವೇ ಮೇಲು.

ಅಳೆಯುವ ಮುನ್ನ ಅರ್ಧ ಗಂಟೆ ಕಾಫಿ, ತಂಬಾಕು ಬೇಡ. ಬೆನ್ನಿಗೆ ಆಸರೆಯಿಟ್ಟು, ಪಾದಗಳನ್ನು ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂರಬೇಕು. ತೋಳನ್ನು ಹೃದಯದ ಮಟ್ಟದಲ್ಲಿ ಮೇಜಿನ ಮೇಲಿಡಬೇಕು, ಮಾತು ಕೂಡದು. ಒಂದು ನಿಮಿಷದ ಅಂತರದಲ್ಲಿ ಎರಡು ಸಲ ಅಳೆದು, ದಿನಾಂಕ ಮತ್ತು ವೇಳೆಯೊಡನೆ ಬರೆದಿಡಿ. ಒಂದು ವಾರದ ಸರಾಸರಿ 135/85 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೈದ್ಯರನ್ನು ಕಾಣಬೇಕು. ನಾಡಿಯ ಲಯ ತಪ್ಪುವವರಲ್ಲಿ ಈ ಮಾಪಕಗಳು ಎಡವುವುದುಂಟು. ಅಂಥವರು ಕೊಳ್ಳುವ ಮೊದಲೇ ವೈದ್ಯರನ್ನು ಕೇಳುವುದು ಒಳ್ಳೆಯದು.

ಹೊಸ ಮಾಪಕವನ್ನು ಒಮ್ಮೆ ವೈದ್ಯರ ಬಳಿಗೆ ಒಯ್ದು, ಅವರ ಅಳತೆಯೊಡನೆ ಹೋಲಿಸಿ ನೋಡಿ. ಅಂಕಿ ಇಳಿಯಿತೆಂದು ಅಜ್ಜ ತಾವಾಗಿಯೇ ಮಾತ್ರೆ ನಿಲ್ಲಿಸಲು ಹೊರಟರೆ ತಡೆಯಿರಿ. ಅಂಕಿ ಇಳಿದಿರುವುದು ಆ ಮಾತ್ರೆಯಿಂದಲೇ ಇರಬಹುದು.