ಎಪಿಕ್‌ನಿಂದ ಸಬ್‌ಟಾಸ್ಕ್‌ವರೆಗೆ: ದೊಡ್ಡ ಕೆಲಸ ಒಡೆಯೋದು ಹೇಗೆ?

ಮಿನಿ ಪ್ರಾಜೆಕ್ಟ್ ಶುರುವಾದಾಗ ಬಹಳಷ್ಟು ಟೀಮ್‌ಗಳು ಜಿರಾದಲ್ಲಿ ಒಂದು ಬೋರ್ಡ್ ತೆರೆದು ನಾಲ್ಕು ಕಾರ್ಡ್ ಹಾಕ್ತವೆ: ಹಾರ್ಡ್‌ವೇರ್, ಸಾಫ್ಟ್‌ವೇರ್, ರಿಪೋರ್ಟ್, ಪಿಪಿಟಿ. ತಲೆಗೊಂದು ಕಾರ್ಡ್. ರಿವ್ಯೂ ಹಿಂದಿನ ದಿನ ನೋಡಿದ್ರೆ ನಾಲ್ಕೂ ‘ಇನ್ ಪ್ರೋಗ್ರೆಸ್’ನಲ್ಲೇ ಕೂತಿರುತ್ತವೆ. ಕೊನೆಗೆ ಯಾರೋ ಒಬ್ಬರು ರಾತ್ರಿಯೆಲ್ಲ ನಿದ್ದೆಗೆಟ್ಟು ಎಲ್ಲವನ್ನೂ ಜೋಡಿಸ್ತಾರೆ. ರಿಪೋರ್ಟ್ ಮೇಲೆ ಮಾತ್ರ ನಾಲ್ಕು ಹೆಸರು. ಇದಕ್ಕೆ ಮುಖ್ಯ ಕಾರಣ ಕೆಲಸವನ್ನು ಒಡೆದ ರೀತಿ.

ಮೂರು ಮೆಟ್ಟಿಲು

ಜಿರಾದಲ್ಲಿ ಸಾಮಾನ್ಯವಾಗಿ ಮೂರು ಹಂತ ಇರುತ್ತವೆ. ಮೇಲೆ ಎಪಿಕ್: ವಾರಗಟ್ಟಲೆ, ತಿಂಗಳುಗಟ್ಟಲೆ ಹಿಡಿಯುವ ದೊಡ್ಡ ಗುರಿ. ಅದರ ಕೆಳಗೆ ಸ್ಟೋರಿ: ಮುಗಿದ ಮೇಲೆ ಬಳಸುವವರಿಗೆ ಏನಾದರೂ ಒಂದು ಉಪಯೋಗ ಆಗಬೇಕು. ಅದರ ಕೆಳಗೆ ಸಬ್‌ಟಾಸ್ಕ್: ಒಬ್ಬರು ಒಂದೆರಡು ದಿನದಲ್ಲಿ ಮುಗಿಸುವ ಕೆಲಸ. ಎಪಿಕ್ ‘ಯಾಕೆ’ ಅನ್ನೋದಕ್ಕೆ ಉತ್ತರ, ಸ್ಟೋರಿ ‘ಏನು’ ಅನ್ನೋದಕ್ಕೆ, ಸಬ್‌ಟಾಸ್ಕ್ ‘ಹೇಗೆ, ಯಾರು’ ಅನ್ನೋದಕ್ಕೆ.

ಅರಕೆರೆಯ ಗದ್ದೆಗೆ ಒಂದು ಬೋರ್ಡ್

ಒಂದು ಉದಾಹರಣೆ ತಗೊಳ್ಳೋಣ. ಶ್ರೀರಂಗಪಟ್ಟಣ ತಾಲ್ಲೂಕಿನ ಅರಕೆರೆ ಕಡೆ ನಾಲೆ ನೀರಿನ ಗದ್ದೆಗಳಿವೆ. ಕಟ್ಟು ಪದ್ಧತಿಯಲ್ಲಿ ನೀರು ಬಿಟ್ಟಾಗ, ನಮ್ಮ ತೂಬಿಗೆ ನೀರು ಬಂತಾ ಅಂತ ನೋಡಲು ರೈತರು ರಾತ್ರಿ ಟಾರ್ಚ್ ಹಿಡಿದು ಹೋಗಬೇಕಾಗುತ್ತೆ. ‘ತೂಬಿಗೆ ನೀರು ಬಂದ ಕೂಡಲೇ ರೈತರ ಮೊಬೈಲ್‌ಗೆ ಮೆಸೇಜ್’ ಅನ್ನೋದು ನಮ್ಮ ಎಪಿಕ್ ಅಂತ ಇಟ್ಟುಕೊಳ್ಳೋಣ. ಇದನ್ನು ಹೀಗೆ ಒಡೆಯಬಹುದು:

1. ಬಕೆಟ್ ನೀರಿನ ಮಟ್ಟ ಲ್ಯಾಪ್‌ಟಾಪ್‌ನಲ್ಲಿ ಕಾಣಬೇಕು.
2. ಮಟ್ಟ ಗುರುತು ದಾಟಿದರೆ ಒಂದು ಫೋನ್‌ಗೆ ಎಸ್ಎಂಎಸ್ ಹೋಗಬೇಕು.
3. ಪೆಟ್ಟಿಗೆಯನ್ನು ತೂಬಿನ ಹತ್ತಿರ ಇಟ್ಟರೆ ಬ್ಯಾಟರಿಯಲ್ಲೇ ಮೂರು ದಿನ ನಡೆಯಬೇಕು.
4. ಮೆಸೇಜ್ ಕನ್ನಡದಲ್ಲಿ ಬರಬೇಕು, ನಂಬರ್ ಸೇರಿಸೋದು ರೈತರಿಗೇ ಗೊತ್ತಾಗಬೇಕು.

ಈ ನಾಲ್ಕೂ ಸ್ಟೋರಿಗಳು. ಎರಡನೆಯದರ ಸಬ್‌ಟಾಸ್ಕ್: ಜಿಎಸ್ಎಂ ಮಾಡ್ಯೂಲ್ ಜೋಡಿಸೋದು, ಸಿಮ್ ರೀಚಾರ್ಜ್, ಗುರುತಿನ ಮಟ್ಟದ ಕೋಡ್, ಒಂದೇ ಸಲ ನೀರು ಬಂದಾಗ ಹತ್ತು ಮೆಸೇಜ್ ಹೋಗದಂತೆ ತಡೆಯೋದು. ಎರಡು ಸ್ಟೋರಿ ಮುಗಿಯುವಷ್ಟರಲ್ಲಿ ರಿವ್ಯೂ ಬಂದರೂ ಕೈಯಲ್ಲಿ ಕೆಲಸ ಮಾಡುವ ಒಂದು ಯಂತ್ರ ಇರುತ್ತೆ. ಹಾರ್ಡ್‌ವೇರ್–ಸಾಫ್ಟ್‌ವೇರ್ ಅಂತ ಒಡೆದಿದ್ದರೆ ಎರಡು ಅರ್ಧಗಳು ಮಾತ್ರ ಇರುತ್ತಿದ್ದವು.

ಕನ್ನಂಬಾಡಿಯೂ ಹಂತ ಹಂತವಾಗಿಯೇ

ಈ ಯೋಚನೆಗೆ ನಮ್ಮ ಹತ್ತಿರದ ದೊಡ್ಡ ಸಾಕ್ಷಿ ಕನ್ನಂಬಾಡಿ ಕಟ್ಟೆ. 1911ರಲ್ಲಿ ಕೆಆರ್‌ಎಸ್ ಕೆಲಸ ಶುರುವಾದಾಗ ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ಚೀಫ್ ಇಂಜಿನಿಯರ್. ಮದ್ರಾಸ್ ಸರ್ಕಾರದ ಆಕ್ಷೇಪದಿಂದ ಮೊದಲು ಒಪ್ಪಿಗೆ ಸಿಕ್ಕಿದ್ದು ಚಿಕ್ಕ ಅಣೆಕಟ್ಟಿಗೆ ಮಾತ್ರ. ಆದರೂ ಅಡಿಪಾಯ ಹಾಕಿದ್ದು ಪೂರ್ತಿ ಎತ್ತರದ ಲೆಕ್ಕಕ್ಕೆ. ಮೊದಲ ಹಂತದ ನೀರು ಶಿವನಸಮುದ್ರದ ವಿದ್ಯುತ್ತಿಗೆ ಆಸರೆಯಾಗುವಂತಿತ್ತು. 1924ರ ಒಪ್ಪಂದದ ನಂತರ ಕಟ್ಟೆ ಮೇಲೇರಿತು, ಇರ್ವಿನ್ ನಾಲೆ ಬಂತು. ಈಗ ಅದನ್ನೇ ವಿಶ್ವೇಶ್ವರಯ್ಯ ನಾಲೆ ಅಂತೀವಿ. ಇವತ್ತು ಗರಿಷ್ಠ ಮಟ್ಟ 124.80 ಅಡಿ.

ಇದರಲ್ಲಿ ನಮಗೆ ಎರಡು ಪಾಠ. ಪ್ರತಿ ಹಂತವೂ ತನ್ನಷ್ಟಕ್ಕೆ ಉಪಯೋಗಕ್ಕೆ ಬರಬೇಕು. ಜೊತೆಗೆ ಮುಂದಿನ ಹಂತಕ್ಕೆ ಬೇಕಾದ ಅಡಿಪಾಯ ಈಗಲೇ ಇರಬೇಕು. ನಮ್ಮ ಉದಾಹರಣೆಯಲ್ಲಿ, ಇವತ್ತು ಒಂದೇ ಫೋನ್ ಇದ್ದರೂ ನಂಬರ್‌ಗಳನ್ನು ಪಟ್ಟಿಯಾಗಿ ಇಟ್ಟರೆ ನಾಳೆ ಐವತ್ತು ರೈತರನ್ನು ಸೇರಿಸಲು ಕೋಡ್ ಹೊಸದಾಗಿ ಬರೆಯಬೇಕಿಲ್ಲ.

ಬೋರ್ಡ್ ಮೇಲೆ ನೆನಪಿಡಬೇಕಾದ್ದು

ಎಪಿಕ್ ಕೆಳಗೆ ನೇರವಾಗಿ ಸಬ್‌ಟಾಸ್ಕ್ ಹಾಕಬೇಡಿ, ನಡುವೆ ಸ್ಟೋರಿ ಅಥವಾ ಟಾಸ್ಕ್ ಇರಲಿ. ಸಬ್‌ಟಾಸ್ಕ್ ತನ್ನ ಸ್ಟೋರಿ ಇರುವ ಸ್ಪ್ರಿಂಟ್‌ನಲ್ಲೇ ಇರುತ್ತೆ. ಅದೊಂದನ್ನೇ ಮುಂದಿನ ಸ್ಪ್ರಿಂಟ್‌ಗೆ ತಳ್ಳಲು ಆಗಲ್ಲ. ತಳ್ಳಬೇಕು ಅನ್ನಿಸಿದರೆ ಅದು ಸ್ಟೋರಿ ಆಗುವಷ್ಟು ದೊಡ್ಡದು ಅಂತ ಅರ್ಥ, ಬದಲಾಯಿಸಿಬಿಡಿ. ಒಂದು ಕೆಲಸ ಇನ್ನೊಂದಕ್ಕೆ ಕಾಯುತ್ತಿದ್ದರೆ ಎರಡನ್ನೂ ಲಿಂಕ್ ಮಾಡಿ. ಸಬ್‌ಟಾಸ್ಕ್ ಬಾಕಿ ಇದ್ದರೂ ಸ್ಟೋರಿಯನ್ನು ‘ಡನ್’ ಮಾಡಬಹುದು, ಅದನ್ನು ತಡೆಯಬೇಕು ಅಂದರೆ ವರ್ಕ್‌ಫ್ಲೋದಲ್ಲಿ ನಿಯಮ ಹಾಕಬೇಕು. ಎಲ್ಲದಕ್ಕೂ ಸಬ್‌ಟಾಸ್ಕ್ ಬೇಡ; ಹತ್ತು ನಿಮಿಷದ ಕೆಲಸಕ್ಕೆ ಕಾರ್ಡ್ ಬರೆಯುವಷ್ಟರಲ್ಲಿ ಕೆಲಸವೇ ಮುಗಿದಿರುತ್ತೆ.

ಹೀಗೆ ಒಡೆದರೆ ಯಾರ ಕೈಯಲ್ಲಿ ಎಷ್ಟು ಕೆಲಸ ಇದೆ, ಯಾರು ಎಲ್ಲಿ ಸಿಕ್ಕಿಕೊಂಡಿದ್ದಾರೆ ಅನ್ನೋದು ಮೂರನೇ ವಾರದಲ್ಲೇ ಎಲ್ಲರಿಗೂ ಕಾಣುತ್ತೆ. ಆಗ ಸಹಾಯ ಕೇಳೋದು ಸುಲಭ, ಮಾಡೋದೂ ಸುಲಭ. ಈ ಸಲ ಬೋರ್ಡ್ ತೆರೆದಾಗ ಪ್ರತಿ ಸ್ಟೋರಿ ಮುಂದೆ ಒಂದು ಪ್ರಶ್ನೆ ಕೇಳಿ ನೋಡಿ: ಇದೊಂದೇ ಮುಗಿದು ಉಳಿದದ್ದು ನಿಂತುಹೋದರೂ ಯಾರಿಗಾದರೂ ಉಪಯೋಗ ಇದೆಯಾ? ಹೌದು ಅಂದರೆ ಸರಿಯಾಗಿ ಒಡೆದಿದ್ದೀರಿ.